ಉಡದಾರ ಬಿಗಿಯಾದ ಹತ್ತೊಂಬತ್ತು ತಿಂಗಳು

ಕೋವಿಡ್ ಕಾಲದಲ್ಲಿ ಮಕ್ಕಳ ಮೈಯಲ್ಲಿ ಸೋಂಕು ಮಾಡಿದ್ದಕ್ಕಿಂತ ಹೆಚ್ಚಿನ ಬದಲಾವಣೆಯನ್ನು ಶಾಲೆಯ ಬೀಗ ಮಾಡಿತು. ಕರ್ನಾಟಕದಲ್ಲಿ 2020ರ ಮಾರ್ಚ್ ನಡುವಿನಲ್ಲಿ ಬಿದ್ದ ಆ ಬೀಗ ಒಂದರಿಂದ ಐದನೆಯ ತರಗತಿಯ ಮಕ್ಕಳ ಪಾಲಿಗೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು. ಒಂದನೆಯ ತರಗತಿ ಮುಗಿಸುತ್ತಿದ್ದ ಮಗು ಮತ್ತೆ ಶಾಲೆಯ ಮೆಟ್ಟಿಲು ಹತ್ತುವಾಗ ಮೂರನೆಯ ತರಗತಿಯಲ್ಲಿತ್ತು. ಅಂದು ಪೆಟ್ಟಿಗೆಯಿಂದ ತೆಗೆದ ಹಳೆಯ ಸಮವಸ್ತ್ರ ಯಾವ ಮಗುವಿಗೂ ಸರಿಹೊಂದಲಿಲ್ಲ, ಹೊಂದಬೇಕಾಗಿಯೂ ಇರಲಿಲ್ಲ. ಆದರೆ ಹೊಂದದಿರುವುದರಲ್ಲೂ ಎರಡು ಬಗೆಯಿತ್ತು. ಚಡ್ಡಿ ಮೊಣಕಾಲಿನಿಂದ ಮೇಲೇರಿದ್ದರೆ ಮಗು ಬೆಳೆದಿದೆ ಎಂದರ್ಥ. ಉದ್ದ ಹೆಚ್ಚುಕಡಿಮೆ ಸರಿಯಾಗಿದ್ದೂ ಸೊಂಟದ ಗುಂಡಿ ಹತ್ತದಿದ್ದರೆ ಅದು ಬೇರೆಯೇ ಮಾತು.

ಈ ಎರಡನೆಯ ಬಗೆಯನ್ನು ಅಂಗಿಗಿಂತ ಮೊದಲು ಉಡದಾರ ಹೇಳುತ್ತದೆ. ಮಗುವಿನ ಸೊಂಟದ ಕರಿದಾರ ಚರ್ಮಕ್ಕೆ ಒತ್ತಿ ಗೆರೆ ಮೂಡಿಸಿದಾಗ ಅದನ್ನು ಬಿಚ್ಚಿ ಸಡಿಲಿಸಿ ಕಟ್ಟುವುದು ಉತ್ತರ ಕರ್ನಾಟಕದ ಮನೆಗಳಲ್ಲಿ ಯಾರೂ ಗಮನವಿಟ್ಟು ಮಾಡುವ ಕೆಲಸವಲ್ಲ. ಮಾಡಿದವರ ಬಾಯಲ್ಲಿ ಬರುವ ಮಾತೂ ಸಂತೋಷದ್ದೇ: ‘ಹುಡುಗ ಮೈ ಹಿಡದಾನ.’ ಬರ, ಪ್ಲೇಗು, ಹಸಿವುಗಳನ್ನು ಕಂಡ ಸೀಮೆಯಲ್ಲಿ ಮೈ ತುಂಬಿಕೊಂಡ ಕೂಸು ಆರೋಗ್ಯದ ಗುರುತಾಗಿದ್ದರಲ್ಲಿ ತಪ್ಪೇನಿಲ್ಲ. ಆ ಗುರುತು ಇನ್ನೂ ನಂಬಿಕೆಗೆ ಅರ್ಹವೇ ಎಂಬ ಪ್ರಶ್ನೆಯನ್ನು ಮಹಾಮಾರಿಯ ಎರಡು ವರ್ಷಗಳು ಎತ್ತಿದವು.

ಮಕ್ಕಳ ಬೊಜ್ಜು ಕಣ್ಣಳತೆಗೆ ಸಿಗುವುದಿಲ್ಲ. ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ ಬಿಎಂಐ. ದೊಡ್ಡವರಲ್ಲಿ 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಬೊಜ್ಜು ಎಂಬ ಒಂದೇ ಗೆರೆ ಸಾಕು. ಮಕ್ಕಳಿಗೆ ಅದು ನಡೆಯದು. ಹುಟ್ಟಿದ ಮೊದಲ ವರ್ಷ ಏರುವ ಬಿಎಂಐ ಆಮೇಲೆ ಇಳಿಯುತ್ತದೆ. ಮಗು ಐದಾರು ವರ್ಷಕ್ಕೆ ಸಪೂರವಾಗಿ ಕಂಡು, ಮತ್ತೆ ನಿಧಾನವಾಗಿ ಮೈ ತುಂಬಿಕೊಳ್ಳುತ್ತದೆ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ಕೋಷ್ಟಕದಲ್ಲಿ ಪ್ರತಿ ವಯಸ್ಸಿಗೂ, ಗಂಡು ಹೆಣ್ಣುಗಳಿಗೂ ಬೇರೆ ಬೇರೆ ಗೆರೆಗಳಿವೆ. ಹತ್ತು ವರ್ಷದ, 140 ಸೆಂಟಿಮೀಟರ್ ಎತ್ತರದ ಹುಡುಗನೊಬ್ಬನನ್ನು ತೆಗೆದುಕೊಂಡರೆ, 30 ಕಿಲೋ ಇದ್ದಾಗ ಅವನ ಬಿಎಂಐ 15.3, ಯಾವ ಆತಂಕವೂ ಇಲ್ಲ. ಅದೇ ಹುಡುಗ 44 ಕಿಲೋ ಇದ್ದರೆ 22.4. ಅಪ್ಪನಿಗೆ ಈ ಸಂಖ್ಯೆ ಇದ್ದರೆ ವೈದ್ಯರು ಬೆನ್ನು ತಟ್ಟುತ್ತಾರೆ, ಮಗನಿಗಿದ್ದರೆ ಬೊಜ್ಜು ಎಂದು ಬರೆಯುತ್ತಾರೆ. ಹತ್ತು ವರ್ಷದ ಹುಡುಗರಿಗೆ ಬೊಜ್ಜಿನ ಗೆರೆ 21.4.

ಮಹಾಮಾರಿಯಲ್ಲಿ ಈ ಗೆರೆ ದಾಟಿದವರ ಲೆಕ್ಕವನ್ನು ಚೆನ್ನಾಗಿ ಇಟ್ಟದ್ದು ಹೊರದೇಶಗಳು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಸೆಪ್ಟೆಂಬರ್‌ನಲ್ಲಿ ಎರಡರಿಂದ ಹತ್ತೊಂಬತ್ತು ವರ್ಷದ 4,32,302 ಮಂದಿಯ ದಾಖಲೆ ಪರಿಶೀಲಿಸಿ ಹೇಳಿದ್ದು ಇಷ್ಟು: ಮಹಾಮಾರಿಗೆ ಮುಂಚಿನದಕ್ಕೆ ಹೋಲಿಸಿದರೆ ಬಿಎಂಐ ಏರುವ ವೇಗ ಹತ್ತಿರಹತ್ತಿರ ಎರಡು ಪಟ್ಟಾಯಿತು, ಬೊಜ್ಜಿನ ಪ್ರಮಾಣ ಒಂದೇ ವರ್ಷದಲ್ಲಿ ಶೇ 19.3ರಿಂದ 22.4ಕ್ಕೆ ಹೋಯಿತು. ಹೆಚ್ಚು ಜಿಗಿದದ್ದು ಆರರಿಂದ ಹನ್ನೊಂದು ವರ್ಷದವರು, ಅದರಲ್ಲೂ ಮೊದಲೇ ತೂಕವಿದ್ದವರು. ಇಂಗ್ಲೆಂಡಿನಲ್ಲಿ ಶಾಲೆಗೆ ಸೇರುವಾಗೊಮ್ಮೆ, ಪ್ರಾಥಮಿಕ ಶಾಲೆ ಬಿಡುವಾಗೊಮ್ಮೆ ಮಕ್ಕಳನ್ನು ತೂಗುವ ಪದ್ಧತಿಯಿದೆ. ಅಲ್ಲಿ ನಾಲ್ಕೈದು ವರ್ಷದವರ ಬೊಜ್ಜು 2019-20ರಲ್ಲಿ ಶೇ 9.9 ಇದ್ದದ್ದು ಮರುವರ್ಷ 14.4ಕ್ಕೇರಿತು, ಹತ್ತು-ಹನ್ನೊಂದು ವರ್ಷದವರದು 21ರಿಂದ 25.5ಕ್ಕೆ. ಶಾಲೆಗಳು ಮಾಮೂಲಿಗೆ ಬಂದ 2021-22ರಲ್ಲಿ ಚಿಕ್ಕವರ ಪ್ರಮಾಣ 10.1ಕ್ಕೆ ಇಳಿದುಬಿಟ್ಟಿತು. ದೊಡ್ಡವರು ಅಷ್ಟು ಸುಲಭಕ್ಕೆ ಇಳಿಯಲಿಲ್ಲ, 23.4ರಲ್ಲಿ ನಿಂತರು.

ಭಾರತದಲ್ಲಿ ಇಂಥ ತಕ್ಕಡಿ ಇಲ್ಲ. ಕರ್ನಾಟಕಕ್ಕೆ ಸಂಬಂಧಿಸಿ ಪದೇ ಪದೇ ಉಲ್ಲೇಖವಾಗುವ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೆಸರಿನ ಮುಂದೆ 2019-21 ಎಂದಿರುವುದರಿಂದ ಅದು ಮಹಾಮಾರಿಯ ಚಿತ್ರವೆಂದು ಬಹಳ ಮಂದಿ ತಿಳಿದಿದ್ದಾರೆ. ರಾಜ್ಯದಲ್ಲಿ ಮನೆ ಮನೆಗೆ ಹೋಗಿ ಅಳತೆ ಮಾಡಿದ್ದು 2019ರ ಜುಲೈಯಿಂದ ಡಿಸೆಂಬರ್‌ವರೆಗೆ, ಅಂದರೆ ಬೀಗ ಬೀಳುವ ಮುಂಚೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 3.2ರಷ್ಟು ಅಧಿಕ ತೂಕದವರು, ಶೇ 35.4ರಷ್ಟು ಕುಳ್ಳಗುಳಿದವರು, ಶೇ 32.9ರಷ್ಟು ತೂಕ ಕಡಿಮೆಯವರು ಎಂದು ಅದು ಕಂಡಿತು. ಐದರಿಂದ ಹದಿನಾಲ್ಕರ ನಡುವಿನ, ಅಂದರೆ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳನ್ನು ಆ ಸಮೀಕ್ಷೆ ತೂಗುವುದೇ ಇಲ್ಲ. ಅವರನ್ನು ದೇಶದಾದ್ಯಂತ ಅಳೆದದ್ದು 2016-18ರ ಸಮಗ್ರ ಪೋಷಣೆ ಸಮೀಕ್ಷೆ. ಆಗ ಐದರಿಂದ ಒಂಬತ್ತರವರಲ್ಲಿ ಶೇ 4, ಹದಿಹರೆಯದವರಲ್ಲಿ ಶೇ 5 ಅಧಿಕ ತೂಕ ಕಂಡಿತ್ತು. ಮಹಾಮಾರಿಯಲ್ಲಿ ಅಂಗನವಾಡಿಗಳೂ ಮುಚ್ಚಿದ್ದರಿಂದ ಕೂಸುಗಳನ್ನು ತೂಗುವ ಕೆಲಸವೂ ಕುಂಟಿತು. ಹಾಗಾಗಿ ಇಲ್ಲಿ ಉದಾಹರಣೆಯಾಗಿ ನೋಡಲಿರುವ ಬೆಳಗಾವಿ ಜಿಲ್ಲೆಯ ಮಾತನ್ನು ಶೇಕಡಾದಲ್ಲಿ ಹೇಳುವುದಕ್ಕಿಂತ, ಶಾಲೆ ಮುಚ್ಚಿದಾಗ ಮಗುವಿನ ದಿನ ಹೇಗೆ ಬದಲಾಯಿತು ಎಂದು ನೋಡುವುದು ಮೇಲು.

ಶಾಲೆಯನ್ನು ಪಾಠದ ಜಾಗವೆಂದಷ್ಟೇ ನೋಡಿದವರಿಗೆ ಈ ಸಂಗತಿ ಹೊಳೆಯುವುದು ಕಷ್ಟ. ಶಾಲೆಯ ಗಂಟೆ ಮಗುವನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸುತ್ತದೆ, ನಡೆಸುತ್ತದೆ, ಎರಡು ಊಟಗಳ ನಡುವೆ ಬಾಯಿ ಮುಚ್ಚಿಸುತ್ತದೆ, ರಾತ್ರಿ ಬೇಗ ಮಲಗಿಸುತ್ತದೆ. ಅಮೆರಿಕದಲ್ಲಿ ಹದಿನೆಂಟು ಸಾವಿರ ಮಕ್ಕಳನ್ನು ಶಿಶುವಿಹಾರದಿಂದ ಎರಡನೆಯ ತರಗತಿವರೆಗೆ ಹಿಂಬಾಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ವಿಚಿತ್ರವೆನಿಸುವ ಸತ್ಯವನ್ನು ಕಂಡಿತ್ತು: ಬೊಜ್ಜಿನ ಪ್ರಮಾಣ ಏರಿದ್ದು ಬೇಸಿಗೆ ಸೂಟಿಯಲ್ಲಿ ಮಾತ್ರ, ಶಾಲೆ ನಡೆಯುವ ತಿಂಗಳುಗಳಲ್ಲಲ್ಲ. ಮಹಾಮಾರಿ ಎಂದರೆ ಹತ್ತೊಂಬತ್ತು ತಿಂಗಳ ಸೂಟಿ. ಅದೂ ಮಾಮೂಲಿ ಸೂಟಿಯಲ್ಲಿರುವ ಅಜ್ಜಿಯ ಊರು, ಜಾತ್ರೆ, ಬಾವಿಯ ಈಜು ಯಾವುದೂ ಇಲ್ಲದ ಸೂಟಿ.

ಬೆಳಗಾವಿ ನಗರದಲ್ಲಿ ಈ ಸೂಟಿ ಕಟ್ಟಡಗಳೊಳಗೆ ಕಳೆಯಿತು. ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನ ಬೆಳಗಿನ ನಡಿಗೆಗೂ ಹುಡುಗರ ಕ್ರಿಕೆಟ್ಟಿಗೂ ಹೆಸರಾದದ್ದು; ಹಿಂದೊಮ್ಮೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗವಾದ್ದರಿಂದ ಆ ಹೆಸರು ಉಳಿದಿದೆ. ಇನ್ನೊಂದು ಲಸಿಕೆಗಾಗಿ ಊರೆಲ್ಲ ಕಾಯುತ್ತಿದ್ದಾಗ ಆ ಮರಗಳ ನೆರಳಿಗೆ ಮಕ್ಕಳು ಹೋಗುವಂತಿರಲಿಲ್ಲ. ಎರಡನೆಯ ಅಲೆಯಲ್ಲಿ ರಾಜ್ಯದ ಹೆಚ್ಚಿನ ಕಡೆ 2021ರ ಜೂನ್ 14ಕ್ಕೆ ನಿರ್ಬಂಧ ಸಡಿಲಾದರೂ, ಸಡಿಲಾಗದ ಹನ್ನೊಂದು ಜಿಲ್ಲೆಗಳಲ್ಲಿ ಬೆಳಗಾವಿ ಒಂದಾಗಿತ್ತು. ಜೂನ್ 21ರವರೆಗೆ ಕಿರಾಣಿ ಅಂಗಡಿಗಳು ತೆರೆದದ್ದು ಬೆಳಿಗ್ಗೆ ಆರರಿಂದ ಹತ್ತರವರೆಗೆ. ನಾಲ್ಕು ತಾಸಿನಲ್ಲಿ ವಾರದ ಸಂತೆ ಮುಗಿಸಬೇಕಾದ ಮನೆ ಕೆಡದ ಪದಾರ್ಥಗಳನ್ನೇ ಹೆಚ್ಚು ತರುತ್ತದೆ. ಸೊಪ್ಪು ಎರಡು ದಿನಕ್ಕೆ ಬಾಡುತ್ತದೆ. ಬಿಸ್ಕೀಟು, ಖಾರಿ, ಟೋಸ್ಟು, ಶೇವು, ಮ್ಯಾಗಿ ತಿಂಗಳುಗಟ್ಟಲೆ ಕಪಾಟಿನಲ್ಲಿರುತ್ತವೆ. ಮಕ್ಕಳೂ ಆ ಕಪಾಟಿನ ಪಕ್ಕದಲ್ಲೇ ಇದ್ದರು.

ಹೆಚ್ಚುವರಿ ತೂಕ ಹಬ್ಬದೂಟದಿಂದ ಬಂದದ್ದಲ್ಲ. ನಾಲ್ಕು ಗ್ಲುಕೋಸ್ ಬಿಸ್ಕೀಟಿನಲ್ಲಿ ಸುಮಾರು ನೂರು ಕ್ಯಾಲೊರಿ ಇರುತ್ತದೆ. ಶಾಲೆಗೆ ಎರಡು ಕಿಲೋಮೀಟರ್ ನಡೆದು ಹೋಗಿ ಎರಡು ಕಿಲೋಮೀಟರ್ ನಡೆದು ಬರುವ ಮೂವತ್ತು ಕಿಲೋ ತೂಕದ ಮಗು ಖರ್ಚು ಮಾಡುವುದೂ ಹೆಚ್ಚುಕಡಿಮೆ ಅಷ್ಟೇ. ನಡಿಗೆ ನಿಂತು ಚಹಾದ ಜೊತೆ ನಾಲ್ಕು ಬಿಸ್ಕೀಟು ಸೇರಿದರೆ ದಿನಕ್ಕೆ ಇನ್ನೂರು ಕ್ಯಾಲೊರಿ ಉಳಿಯುತ್ತದೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ. ಮೈಯೇನೂ ಬ್ಯಾಂಕಿನ ಪಾಸ್‌ಬುಕ್ ಅಲ್ಲ, ತೂಕ ಏರಿದಂತೆ ಖರ್ಚೂ ಏರುವುದರಿಂದ ಲೆಕ್ಕ ಇಷ್ಟು ನೇರವಾಗಿ ನಡೆಯುವುದಿಲ್ಲ. ಆದರೂ ಯಾರೂ ‘ಹೆಚ್ಚು ತಿಂದ’ ಎಂದು ಬೈಯಲಾಗದ ಮಗು ಒಂದೂವರೆ ವರ್ಷದಲ್ಲಿ ಗುಂಡಗಾಗಲು ಇದು ಸಾಕು.

ನಡಿಗೆ ನಿಂತ ಮಗು ಕುಳಿತದ್ದು ಫೋನಿನ ಮುಂದೆ. ಗ್ರಾಮೀಣ ಭಾರತದ ಶಾಲಾಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದ್ದದ್ದು 2018ರಲ್ಲಿ ಶೇ 36.5, ‘ಅಸರ್’ ಸಮೀಕ್ಷೆಯ ಪ್ರಕಾರ 2021ಕ್ಕೆ ಅದು 67.6. ಪಾಠಕ್ಕೆಂದು ಸಾಲ ಮಾಡಿ ಕೊಂಡ ಫೋನು ಪಾಠ ಮುಗಿದ ಮೇಲೆ ಆಫ್ ಆಗಲಿಲ್ಲ. ಇಟಲಿಯ ವೆರೋನಾದಲ್ಲಿ ಮೊದಲೇ ಬೊಜ್ಜಿದ್ದ 41 ಮಕ್ಕಳನ್ನು ಲಾಕ್‌ಡೌನ್ ಶುರುವಾದ ಮೂರು ವಾರಕ್ಕೆ ವಿಚಾರಿಸಿದಾಗ, ಪರದೆಯ ಮುಂದಿನ ಹೊತ್ತು ದಿನಕ್ಕೆ ಸುಮಾರು ಐದು ತಾಸು ಹೆಚ್ಚಿತ್ತು; ಆಟ ವಾರಕ್ಕೆ ಎರಡು ತಾಸಿಗೂ ಮಿಕ್ಕಿ ಕಡಿಮೆಯಾಗಿತ್ತು; ಚಿಪ್ಸ್ ಮತ್ತು ಸಿಹಿ ಪಾನೀಯ ಏರಿದ್ದವು. ಪರದೆಯ ಮುಂದೆ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದು ತಿಳಿಯುವುದು ತಡ. ರಾತ್ರಿ ತಡವಾಗಿ ಮಲಗಿದರೆ ಹಸಿವನ್ನು ಹದದಲ್ಲಿಡುವ ಹಾರ್ಮೋನುಗಳೂ ಏರುಪೇರಾಗುತ್ತವೆ.

ನಗರದಿಂದ ಖಾನಾಪುರಕ್ಕೆ ಬಂದು, ನಂದಗಡ ದಾಟಿ ಹೋದರೆ ಹಲಸಿ. ಕದಂಬರ ಶಾಸನಗಳ ಪಲಾಶಿಕ, ಭೂವರಾಹ ನರಸಿಂಹ ದೇವಸ್ಥಾನದ ಊರು. ಸುತ್ತ ಭತ್ತದ ಗದ್ದೆ, ಕಬ್ಬು, ಅದರಾಚೆ ಸಹ್ಯಾದ್ರಿಯ ಕಾಡು. ಇಲ್ಲಿಯ ಮಗುವಿನ ದಿನ ಬೇರೆ ರೀತಿ ಬದಲಾಯಿತು. ಬಾಗಿಲಾಚೆ ಬಯಲಿದ್ದುದರಿಂದ ಲಾಕ್‌ಡೌನ್ ಕಾಲು ಕಟ್ಟಲಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಕವಳಿಹಣ್ಣು, ನೇರಳೆ, ಹಲಸು. ಜೂನ್‌ನಿಂದ ನಾಟಿಯ ಗದ್ದೆಯಲ್ಲಿ ದೊಡ್ಡವರ ಬೆನ್ನಿಗೆ ಸಣ್ಣ ಕೈಗಳು. ದನ ಮೇಯಿಸಲು ಹೋದ ಹುಡುಗನಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಅರವತ್ತು ನಿಮಿಷದ ಚಟುವಟಿಕೆ ಬೆಳಿಗ್ಗೆಯೇ ಮುಗಿದಿರುತ್ತದೆ. ಭೀಮಗಡ ಕಾಡಿನ ಅಂಚಿನ ಊರುಗಳಲ್ಲಿ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಆನ್‌ಲೈನ್ ಪಾಠ ಮೈಗೆ ವ್ಯಾಯಾಮ ಕೊಟ್ಟದ್ದು ಬಹುಶಃ ಅಲ್ಲಿ ಮಾತ್ರ. ಹೆಣ್ಣುಮಕ್ಕಳ ಕತೆ ಮಾತ್ರ ಊರಲ್ಲೂ ನಗರದಂತೆಯೇ. ಹನ್ನೊಂದು ಹನ್ನೆರಡಾದ ಹುಡುಗಿಗೆ ಓಡಿ ಆಡಲು ಒಪ್ಪಿಗೆಯಿದ್ದ ಒಂದೇ ಜಾಗ ಶಾಲೆಯ ಅಂಗಳವಾಗಿತ್ತು, ಅದಕ್ಕೇ ಬೀಗ.

ಹಳ್ಳಿಯ ಮಗು ಕಳೆದುಕೊಂಡದ್ದು ತಟ್ಟೆಯಲ್ಲಿದ್ದದ್ದನ್ನು. ಬಿಸಿಯೂಟದ ನಿಯಮದಂತೆ ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. ಆರರಿಂದ ಎಂಟಕ್ಕೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್. ಅದರಲ್ಲಿ ಚಿಕ್ಕವರಿಗೆ 50 ಗ್ರಾಂ, ದೊಡ್ಡವರಿಗೆ 75 ಗ್ರಾಂ ತರಕಾರಿ ಸೇರಿರುತ್ತದೆ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು ಬೇರೆ. ಶಾಲೆ ಮುಚ್ಚಿದಾಗ ಅಡುಗೆ ನಿಂತು ಅಕ್ಕಿ-ಬೇಳೆ ಮನೆಗೆ ಹೋಯಿತು. ಕಾಗದದ ಮೇಲೆ ಕಾಳಿನ ಲೆಕ್ಕ ಸರಿಹೋಯಿತು. ತರಕಾರಿಯೂ ಹೊತ್ತು ತಪ್ಪದ ಊಟವೂ ಚೀಲದಲ್ಲಿ ಬರಲಿಲ್ಲ. ಮಗುವಿನ ಹೆಸರಿಗೆ ಬಂದ ಅಕ್ಕಿ ಮನೆಯವರೆಲ್ಲರ ಅಕ್ಕಿಯಾಯಿತು, ಅದು ಸಹಜವೂ ಹೌದು. 2020ರ ಆಗಸ್ಟ್‌ನಲ್ಲಿ ಶುರುವಾದ ವಿದ್ಯಾಗಮ ಕಾರ್ಯಕ್ರಮದಲ್ಲಿ ಮಾಸ್ತರರೂ ಅಕ್ಕೋರೂ ಊರ ಕಟ್ಟೆಗಳಿಗೆ, ಮರದ ಬುಡಗಳಿಗೆ ಬಂದು ಪಾಠ ಹೇಳಿದರು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಪಾಠ ಬಂದಿತ್ತು, ಪಾತ್ರೆ ಬಂದಿರಲಿಲ್ಲ.

ಇದೇ ಹೊತ್ತಿಗೆ ಪ್ರಧಾನಮಂತ್ರಿ ಗರೀಬ್ ಕಲ್ಯಾಣ ಯೋಜನೆಯಡಿ ತಲೆಗೆ ತಿಂಗಳಿಗೆ ಐದು ಕಿಲೋ ಧಾನ್ಯ ಹೆಚ್ಚುವರಿಯಾಗಿ ಬರತೊಡಗಿತ್ತು. ಹಸಿವನ್ನು ಅದು ತಡೆಯಿತು, ತಡೆಯಲೇಬೇಕಿತ್ತು. ಆದರೆ ಕೂಲಿ ನಿಂತ ಮನೆಯಲ್ಲಿ ಅನ್ನ ಹೆಚ್ಚಿ ಬೇಳೆ ತೆಳ್ಳಗಾದಾಗ ತಟ್ಟೆಯ ಶಕ್ತಿ ಉಳಿದು ಸತ್ವ ಕುಗ್ಗುತ್ತದೆ. ಒಂದೇ ಓಣಿಯಲ್ಲಿ ಒಂದು ಮಗು ಸೊರಗಿ, ಪಕ್ಕದ ಮನೆಯದು ಊದಿಕೊಳ್ಳುವುದಕ್ಕೆ ಕಾರಣ ಇಲ್ಲಿದೆ. ಐದು ರೂಪಾಯಿಯ ಕುರುಕಲು ಪೊಟ್ಟಣ ತಲುಪದ ಹಳ್ಳಿ ಈಗ ಖಾನಾಪುರ ತಾಲ್ಲೂಕಿನಲ್ಲೂ ಇಲ್ಲ. ನೂರು ಗ್ರಾಂ ಆಲೂಗಡ್ಡೆ ಚಿಪ್ಸಿನಲ್ಲಿ ಐನೂರಕ್ಕೂ ಹೆಚ್ಚು ಕ್ಯಾಲೊರಿ. ಅಳುವ ಮಗುವನ್ನು ಸುಮ್ಮನಾಗಿಸಲು ಕೆಲಸವಿಲ್ಲದ ಅಪ್ಪನ ಬಳಿ ಉಳಿದದ್ದೂ ಆ ಐದು ರೂಪಾಯಿಯೇ.

ಸೊರಗಿದ ಮಗುವಿಗೆ ಬೊಜ್ಜಿನ ಭಯವಿಲ್ಲ ಎಂದೂ ಹೇಳಲಾಗದು. ಪುಣೆಯಲ್ಲಿ ಡಾ. ಚಿತ್ತರಂಜನ ಯಾಜ್ಞಿಕರ ತಂಡ ಹಳ್ಳಿಯ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳ ಜೊತೆ ಹೋಲಿಸಿತು. ತೂಕದಲ್ಲಿ ಇಲ್ಲಿಯವು 2.7 ಕಿಲೋ, ಅಲ್ಲಿಯವು 3.5. ಸ್ನಾಯು, ಅಂಗಾಂಗ ಎಲ್ಲವೂ ಸಣ್ಣವಿದ್ದರೂ ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ಮೇಲೆ ನಡೆದ ದೀರ್ಘ ಅಧ್ಯಯನವೂ ಇದನ್ನೇ ಹೇಳಿತು. ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹಿಡಿದಿಡುವ ಈ ಮೈಕಟ್ಟಿನಲ್ಲಿ ತೂಕದ ಸಣ್ಣ ಏರಿಕೆಯೂ ಹೊಟ್ಟೆಯ ಸುತ್ತ ಕೂಡುತ್ತದೆ. ಹಾಗಾಗಿ ಇಂಥ ಕಡೆ ತಕ್ಕಡಿಗಿಂತ ದಾರ ಹೆಚ್ಚು ನಿಜ ಹೇಳೀತು. ಮಗುವಿನ ಎತ್ತರದಷ್ಟು ದಾರ ಕತ್ತರಿಸಿ, ಎರಡು ಮಡಿಕೆ ಮಾಡಿ, ಹೊಟ್ಟೆಯ ಸುತ್ತ ಹಿಡಿಯಬೇಕು. ಎರಡು ತುದಿ ಕೂಡಿದರೆ ಸರಿ. ಕೂಡದಿದ್ದರೆ ಸುತ್ತಳತೆ ಎತ್ತರದ ಅರ್ಧವನ್ನು ಮೀರಿದೆ ಎಂದರ್ಥ. ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿಯೂ 2022ರಿಂದ ಈ ಅರ್ಧದ ಲೆಕ್ಕವನ್ನು ಬಳಸುತ್ತಿದೆ. ಉಡದಾರ ಕಟ್ಟುವ ಕೈಗೆ ಇದನ್ನು ಕಲಿಸಲು ಐದು ನಿಮಿಷ ಬೇಡ.

ಮೀರಿದ್ದರ ಪರಿಣಾಮ ದೊಡ್ಡವರಾಗುವವರೆಗೆ ಕಾಯುವುದಿಲ್ಲ. ಕತ್ತಿನ ಹಿಂಭಾಗದಲ್ಲಿ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗುತ್ತದೆ. ಕೊಳೆಯೆಂದು ತಾಯಂದಿರು ಸಬೂನು ಹಚ್ಚಿ ತಿಕ್ಕುತ್ತಾರೆ, ಅದು ಹೋಗುವುದಿಲ್ಲ. ಇನ್ಸುಲಿನ್ನಿಗೆ ಮೈ ಮೊಂಡಾಗುತ್ತಿರುವುದರ ಗುರುತು ಅದು. ಯಕೃತ್ತಿನಲ್ಲಿ ಕೊಬ್ಬು ಸೇರುವುದು, ರಾತ್ರಿ ಗೊರಕೆ, ಮೊಣಕಾಲು ನೋವು ಇವೆಲ್ಲ ಹತ್ತು ವರ್ಷದೊಳಗೂ ಕಾಣಿಸಿಕೊಳ್ಳುತ್ತವೆ. ಮಹಾಮಾರಿಯ ವರ್ಷಗಳಲ್ಲಿ ಹುಡುಗಿಯರು ವಯಸ್ಸಿಗೆ ಮುಂಚೆ ದೊಡ್ಡವರಾದ ಪ್ರಕರಣಗಳು ಇಟಲಿಯಲ್ಲೂ ಭಾರತದಲ್ಲೂ ಹೆಚ್ಚಿದವು. ಏರಿದ ತೂಕ ಅದಕ್ಕಿರುವ ಕಾರಣಗಳಲ್ಲಿ ಒಂದೆಂದು ಮಕ್ಕಳ ಹಾರ್ಮೋನು ತಜ್ಞರು ಗುರುತಿಸಿದ್ದಾರೆ. ಓರಗೆಯವರ ಅಣಕವನ್ನು ಯಾವ ಕೋಷ್ಟಕವೂ ಅಳೆಯುವುದಿಲ್ಲ. ಹತ್ತೊಂಬತ್ತು ತಿಂಗಳ ಮೇಲೆ ತರಗತಿಗೆ ಬಂದ ಹುಡುಗನಿಗೆ ಮೊದಲ ದಿನವೇ ಬಿದ್ದ ಅಡ್ಡಹೆಸರು ಎಷ್ಟೋ ಕಡೆ ಹಾಜರಿ ಪುಸ್ತಕದ ಹೆಸರನ್ನು ಮರೆಸಿದೆ.

ಶಾಲೆ ತೆರೆದ ಮೇಲೆ ಬಂದ ಬದಲಾವಣೆಗಳಲ್ಲಿ ಮುಖ್ಯವಾದದ್ದು ಮೊಟ್ಟೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡುವುದು ಶುರುವಾಯಿತು. ಬೆಳಗಾವಿ ಸೇರಿ ಉಳಿದ ಜಿಲ್ಲೆಗಳಿಗೆ ಅದು ಬಂದದ್ದು 2022ರಲ್ಲಿ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಸೊರಗಿದವರಿಗಾಗಿ ತಂದ ಈ ಮೊಟ್ಟೆ ಗುಂಡಗಾದವರಿಗೂ ಒಳ್ಳೆಯದೇ. ಪ್ರೋಟೀನ್ ಹೊಟ್ಟೆಯನ್ನು ಹೆಚ್ಚು ಹೊತ್ತು ತುಂಬಿಡುತ್ತದೆ, ನಾಲ್ಕು ಗಂಟೆಯ ಕುರುಕಲು ಪೊಟ್ಟಣದ ಆಸೆಯನ್ನು ತುಸು ಮುಂದೂಡುತ್ತದೆ. ಅನುದಾನವಿಲ್ಲದ ಖಾಸಗಿ ಶಾಲೆಯ ಮಗುವಿಗೆ ಈ ಯೋಜನೆ ಅನ್ವಯಿಸುವುದಿಲ್ಲ. ಅಲ್ಲಿ ಡಬ್ಬಿ ಮನೆಯದು, ಮೈದಾನ ಹಲವೆಡೆ ಕಟ್ಟಡದ ಎದುರಿನ ಕಾಂಕ್ರೀಟು ಅಂಗಳದಷ್ಟೇ.

ತೂಕ ಏರಿದ ಮಗುವಿಗೆ ಚಿಕಿತ್ಸೆಯೆಂದರೆ ಉಪವಾಸವಲ್ಲ. ಬೆಳೆಯುವ ಮೈಗೆ ಅನ್ನ ಕಡಿದರೆ ಎತ್ತರವೇ ಕುಂಠಿತವಾದೀತು. ತೀವ್ರ ಬೊಜ್ಜಲ್ಲದಿದ್ದರೆ ಮಕ್ಕಳ ತಜ್ಞರು ತೂಕ ಇಳಿಸಲು ಹೇಳುವುದಿಲ್ಲ, ಇದ್ದಲ್ಲೇ ನಿಲ್ಲಿಸಲು ಹೇಳುತ್ತಾರೆ. ಸಿಹಿ ಪಾನೀಯ ಬಿಡಿಸುವುದು, ಊಟದ ಹೊತ್ತು ಕಟ್ಟುವುದು, ಮಲಗುವ ಕೋಣೆಯಿಂದ ಫೋನು ಹೊರಗಿಡುವುದು, ದಿನಕ್ಕೊಂದು ತಾಸು ಬೆವರು ಬರುವಂತೆ ಆಡಿಸುವುದು. ಮನೆಯವರೆಲ್ಲ ಸೇರಿ ಮಾಡಿದರೆ ಮಾತ್ರ ಇವು ನಡೆಯುತ್ತವೆ. ಒಂದೇ ಮಗುವಿನ ತಟ್ಟೆಗೆ ಬೇರೆ ನಿಯಮ ಮಾಡಿದ ಮನೆಯಲ್ಲಿ ಕದ್ದು ತಿನ್ನುವುದು ಶುರುವಾಗುತ್ತದೆ.

ಆರಂಭದಲ್ಲಿ ಹೇಳಿದ, 140 ಸೆಂಟಿಮೀಟರಿನ 44 ಕಿಲೋ ಹುಡುಗನ ತೂಕ ಎರಡು ವರ್ಷ ಹಾಗೆಯೇ ನಿಂತು, ಎತ್ತರ ವರ್ಷಕ್ಕೆ ಆರು ಸೆಂಟಿಮೀಟರಿನಂತೆ ಏರಿದರೆ ಹನ್ನೆರಡಕ್ಕೆ ಅವನು 152 ಸೆಂಟಿಮೀಟರ್. ಬಿಎಂಐ 22.4ರಿಂದ 19ಕ್ಕೆ ಬಂದಿರುತ್ತದೆ. ಆ ವಯಸ್ಸಿಗೆ ಅಧಿಕ ತೂಕದ ಗೆರೆ 19.9; ಒಂದು ಕಿಲೋವನ್ನೂ ಇಳಿಸದೆ ಅವನು ಗೆರೆಯ ಈಚೆಗೆ ಬಂದ. ಹುಡುಗಿಯರಿಗೆ ಇಷ್ಟು ಸಮಯ ಇರುವುದಿಲ್ಲ. ಮುಟ್ಟು ಶುರುವಾದ ಮೇಲೆ ಸಾಮಾನ್ಯವಾಗಿ ಐದರಿಂದ ಏಳು ಸೆಂಟಿಮೀಟರಷ್ಟೇ ಎತ್ತರ ಬಾಕಿ ಇರುವುದರಿಂದ ಅವರ ಲೆಕ್ಕ ಅದಕ್ಕೂ ಎರಡು ವರ್ಷ ಮೊದಲೇ ಶುರುವಾಗಬೇಕು.